ಯಜಮಾನರ ಮರೆವು, ಮನೆಮಂದಿಯ ಪೇಚಾಟ

ಮರೆವಿನ ಕಾಯಿಲೆಯವರ ನಡುವೆ ಕೆಲಸ ಮಾಡುತ್ತೇನೆ ಅಂದಕೂಡಲೇ ಜನ ಮುಖ ಸಪ್ಪಗೆ ಮಾಡಿಕೊಂಡು, "ಪಾಪ, ಭಾಳ ಬ್ಯಾಸರದ ಕೆಲಸ ಅಲ್ಲೇನ್ರಿ?" ಅನ್ನುತ್ತಾರೆ. ಬೇಸರಪಡುವುದಕ್ಕೆ ನನಗೆ ಪುರಸೊತ್ತೆಲ್ಲಿದೆ? ಹೊಟ್ಟೆ ಹಿಡಿದುಕೊಂಡು ನಗುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಗೆಪಾಟಲಾಗುವವರು ಮರೆತವರಲ್ಲ, ನೆನಪು ನೆಟ್ಟಗಿರುವ ನಾವುಗಳೇ.

ನಾನು ಧಾರವಾಡದ ಕಡೆಯವಳು, ಮದುವೆಯಾಗಿ ನಾಸಿಕಕ್ಕೆ ಬಂದವಳು. ನಾಸಿಕ್ ರೋಡ್ ಅನ್ನುವ ಬಡಾವಣೆಯಲ್ಲಿ ನಮ್ಮ ಕನ್ನಡದವರ ಸಂಘಕ್ಕೆ ಒಂದು ಹಾಲ್ ಇದೆ. ಮರೆವು ಹತ್ತಿದ ಹಿರಿಯರನ್ನು ಮಧ್ಯಾಹ್ನದ ಹೊತ್ತು ಅಲ್ಲಿ ಕೂರಿಸಿ, ಮಾತಾಡಿಸಿ, ಹಾಡಿಸಿ, ಚಹಾ ಕುಡಿಸಿ ಕಳಿಸುವುದು ನನ್ನ ಕೆಲಸ. ಆಮೇಲೆ ಅವರ ಮನೆಗೆ ಹೋಗಿ ಮನೆಯವರಿಗೆ ಬುದ್ಧಿ ಹೇಳುವುದೂ ನನ್ನದೇ ಕೆಲಸ. ಮೊದಲನೆಯದು ಬಹಳ ಸುಲಭ.

ಇಲ್ಲಿ ಹೇಳುವುದು ಒಂದೇ ಮನೆಯ ಸುತ್ತ ನಡೆದದ್ದು. ಅಜ್ಜ ಎಂಬತ್ತು ದಾಟಿದವರು. ಕುಂದಾಪುರದ ಕಡೆಯಿಂದ ಚಿಕ್ಕಂದಿನಲ್ಲೇ ಬಂದು, ಪಾತ್ರೆ ತೊಳೆದು, ಕೊನೆಗೆ ಸ್ಟೇಷನ್ನಿನ ಹತ್ತಿರ ಸ್ವಂತ ಹೋಟೆಲ್ ಕಟ್ಟಿದವರು. ಅವರ ಮಗ ಈಗ ಆ ಹೋಟೆಲಿನ ಮಾಲೀಕರು ಮತ್ತು ನಮ್ಮ ಸಂಘದ ಅಧ್ಯಕ್ಷರು. ನನಗೆ ಸಂಬಳ ಕೊಡುವವರೂ ಅವರೇ. ಎದುರಿಗೆ ಸಾಕಷ್ಟು ಹೊಗಳಿದ್ದೇನೆ, ಹಾಗಾಗಿ ಇಲ್ಲಿ ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಳ್ಳುತ್ತೇನೆ.

೧. ಗಲ್ಲಾದ ಮೇಲಿನ ನಗು

ಅಜ್ಜನಿಗೆ ಮರೆವು ಶುರುವಾಗಿ ಎಷ್ಟೋ ಕಾಲವಾದರೂ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಕಾರಣ ಅವರ ಕಸುಬು. ಜೀವಮಾನವೆಲ್ಲ ಗಲ್ಲಾದ ಮೇಲೆ ಕೂತವರಿಗೆ ಬಂದವರೆಲ್ಲ ಗುರುತಿನವರೇ. ಯಾರೇ ಬಾಗಿಲು ದಾಟಿ ಬಂದರೂ ಅಜ್ಜ ಎರಡು ಕೈ ಮುಂದೆ ಚಾಚಿ, "ಬನ್ನಿ ಬನ್ನಿ! ಎಷ್ಟು ದಿವಸ ಆಯ್ತು! ಊರಲ್ಲಿ ಎಲ್ಲ ಸೌಖ್ಯವಾ? ಫ್ಯಾನಿನ ಕೆಳಗೆ ಕೂತ್ಕೊಳ್ಳಿ" ಅನ್ನುತ್ತಿದ್ದರು. ಬಂದವರು, ಅಜ್ಜ ನಮ್ಮನ್ನು ಎಷ್ಟು ಚೆನ್ನಾಗಿ ನೆನಪಿಟ್ಟಿದ್ದಾರೆ ಅಂತ ಖುಷಿಯಿಂದ ಹೋಗುತ್ತಿದ್ದರು. ನೀರಿನ ಫಿಲ್ಟರ್ ರಿಪೇರಿಗೆ ಬಂದವನೂ ಹಾಗೇ ಖುಷಿಯಿಂದ, ಊಟ ಮಾಡಿಕೊಂಡು ಹೋಗಿದ್ದ.

ಅಜ್ಜನಿಗೆ ಒಬ್ಬ ಷಡ್ಡಕರಿದ್ದರು. ಹಿಂದೆ ಹೋಟೆಲಿನಲ್ಲಿ ಪಾಲುದಾರರು. ಯಾವುದೋ ಮಾತಿಗೆ ಜಗಳವಾಗಿ, ಎದುರಿಗೇ ಇನ್ನೊಂದು ಹೋಟೆಲ್ ತೆಗೆದು, ಅಂದಿನಿಂದ ಮುಖ ನೋಡದೆ ಬಾಳಿದವರು. ಮದುವೆ ಮುಂಜಿಗಳಲ್ಲಿ ಇವರಿಬ್ಬರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸುವುದೇ ಬೀಗರಿಗೆ ದೊಡ್ಡ ತಲೆನೋವಾಗಿತ್ತು. ಅಜ್ಜನ ಮೊಮ್ಮಗಳ ಮದುವೆಯಲ್ಲಿ ಆ ಷಡ್ಡಕರು ಹೆಂಡತಿಯ ಒತ್ತಾಯಕ್ಕೆ, ಮುಖ ಗಂಟಿಕ್ಕಿಕೊಂಡು ಛತ್ರದ ಬಾಗಿಲಿಗೆ ಬಂದರು. ಬಾಗಿಲಲ್ಲೇ ಅಜ್ಜ ನಿಂತಿದ್ದರು.

"ಬನ್ನಿ ಬನ್ನಿ! ಎಷ್ಟು ದಿವಸ ಆಯ್ತು!" ಅಂದರು ಅಜ್ಜ. "ಊರಲ್ಲಿ ಎಲ್ಲ ಸೌಖ್ಯವಾ? ಫ್ಯಾನಿನ ಕೆಳಗೆ ಕೂತ್ಕೊಳ್ಳಿ."

ಷಡ್ಡಕರ ಮುಖ ಕರಗಿಹೋಯಿತು. ಅಜ್ಜನನ್ನು ಅಪ್ಪಿಕೊಂಡು, "ತಪ್ಪು ನನ್ನದೇ ಭಾವ, ನೀವು ದೊಡ್ಡವರು" ಅಂತ ಗಳಗಳ ಅತ್ತರು. ಎರಡೂ ಕಡೆಯ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಫೋಟೋದವನು ಮದುಮಗಳನ್ನು ಬಿಟ್ಟು ಇಲ್ಲಿಗೆ ಓಡಿಬಂದ. ಅಜ್ಜ ಷಡ್ಡಕರ ಬೆನ್ನು ತಟ್ಟಿ ಫ್ಯಾನಿನ ಕೆಳಗೆ ಕೂರಿಸಿ, ಮಗನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಪಾಪ, ಒಳ್ಳೆ ಜನ. ಯಾರು ಮಾರಾಯ ಅವರು?"

೨. ಶಾಲು ಮತ್ತು ತೆಂಗಿನಕಾಯಿ

ಹೀಗೆ ಗೊತ್ತಾಯಿತು. ಅಪ್ಪನಿಗೆ ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿದ ಮೇಲೆ ಬೇರೆ ಮಗನಾಗಿದ್ದರೆ ಅಪ್ಪನ ಪಕ್ಕ ಕೂರುತ್ತಿದ್ದನೇನೋ. ನಮ್ಮ ಅಧ್ಯಕ್ಷರು ವೇದಿಕೆ ಮೇಲೆ ಕೂತರು. "ಮೆದುಳಿನ ಆರೋಗ್ಯ ಜಾಗೃತಿ ಶಿಬಿರ" ಅಂತ ಹಾಲಿನ ಮುಂದೆ ಬ್ಯಾನರ್ ಕಟ್ಟಿಸಿದರು. ಬ್ಯಾನರಿನಲ್ಲಿ ಒಂದು ಸಣ್ಣ ಮೆದುಳು ಇತ್ತು, ಅಧ್ಯಕ್ಷರ ದೊಡ್ಡ ಮುಖವಿತ್ತು.

ಮುಂದಿನ ಸಾಲು ದೇಣಿಗೆ ಕೊಟ್ಟವರಿಗೆ, ಎರಡನೇ ಸಾಲು ಅವರ ಹೆಂಡಂದಿರಿಗೆ. ಶಿಬಿರ ಯಾರಿಗಾಗಿಯೋ ಆ ಮುದುಕರು ಹಿಂದೆ, ಏನೂ ಕೇಳಿಸದ ಜಾಗದಲ್ಲಿ. ಮೊದಲು ದೀಪ, ಆಮೇಲೆ ಸ್ವಾಗತ, ಆಮೇಲೆ ಸನ್ಮಾನ. ಕುರ್ಚಿ ಕೊಟ್ಟವರಿಗೊಂದು ಶಾಲು, ಮೈಕ್ ಕೊಟ್ಟವರಿಗೊಂದು ಶಾಲು, ಶಾಲು ಕೊಟ್ಟವರಿಗೂ ಒಂದು ಶಾಲು. ಮೇ ತಿಂಗಳ ಬಿಸಿಲಿನಲ್ಲಿ ವೇದಿಕೆ ಮೇಲಿದ್ದವರೆಲ್ಲ ಹೊದ್ದುಕೊಂಡು ಬೆವರುತ್ತಿದ್ದರು. ಮಾತಾಡಲೆಂದೇ ಬಂದ ಡಾಕ್ಟರು ಪಾಪ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ತಮ್ಮ ಸರದಿ ಕಾಯುತ್ತಿದ್ದರು. ಅವರ ಸರದಿ ಬರುವ ಹೊತ್ತಿಗೆ ಅಡುಗೆಯವರು ಎಲೆ ಹಾಕಿಯಾಗಿತ್ತು. "ಡಾಕ್ಟರ್ ಸಾಹೇಬರು ಎರಡೇ ಮಾತಿನಲ್ಲಿ ಮುಗಿಸಬೇಕು" ಅಂತ ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಡಾಕ್ಟರು ನಿಜವಾಗಿಯೂ "ಎಲ್ಲರಿಗೂ ನಮಸ್ಕಾರ" ಅಂತ ಎರಡೇ ಮಾತು ಹೇಳಿ ಕೂತುಬಿಟ್ಟರು.

ಅಜ್ಜ ನನ್ನ ಪಕ್ಕದಲ್ಲಿ ಕೂತು ಇದನ್ನೆಲ್ಲ ಬಹಳ ಗಮನವಿಟ್ಟು ನೋಡುತ್ತಿದ್ದರು. ವೇದಿಕೆ, ಹಾರ, ಶಾಲು, ತೆಂಗಿನಕಾಯಿ, ಫೋಟೋ. ಇಡೀ ಹಾಲಿಗೆ ಕೇಳಿಸುವ ಹಾಗೆ ನನ್ನನ್ನು ಕೇಳಿದರು:

"ಇಷ್ಟೆಲ್ಲ ಆಯ್ತು, ಹುಡುಗಿ ಎಲ್ಲಿ? ಅವರ ಕಡೆಯವರು ಇನ್ನೂ ಒಪ್ಪಲಿಲ್ವಾ?"

೩. ಹೊಸ ಭಾಷೆ

ಶಿಬಿರದ ಫೋಟೋ ಪೇಪರಿನಲ್ಲಿ ಬಂದಮೇಲೆ ಅಧ್ಯಕ್ಷರಿಗೆ ರುಚಿ ಹತ್ತಿತು. ಗಂಗಾಪುರ ರೋಡಿನ ಕಡೆ ದೊಡ್ಡದೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸಕ್ಕಿದ್ದವರೆಲ್ಲ ಯಾದಗಿರಿ, ಕಲಬುರಗಿ ಕಡೆಯ ನಮ್ಮ ಜನ. "ಅವರಿಗೂ ಆರೋಗ್ಯವಾಗಿ ಮುಪ್ಪಾಗುವುದು ಹೇಗೆ ಅಂತ ತಿಳಿಸುವ" ಅಂದರು. ಊಟದ ಬಿಡುವಿನಲ್ಲಿ ಜನ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಾಗ ಹೋಗಿ, ಮೊಬೈಲ್ ನೋಡಿಕೊಂಡು ಓದಿದರು. ದಿನಾ ಬಾದಾಮಿ ತಿನ್ನಿ. ಸಂಜೆ ವಾಕಿಂಗ್ ಹೋಗಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ.

ಇಟ್ಟಿಗೆ ಹೊತ್ತು ಮೇಲಿನ ಮಜಲಿನ ತನಕ ಹತ್ತಿ ಇಳಿದು ಬಂದ ಒಬ್ಬ ಹೆಂಗಸು, ವಯಸ್ಸು ಅರವತ್ತರ ಆಸುಪಾಸು, ತಲೆಯ ಮೇಲಿನ ಸಿಂಬಿಯನ್ನೂ ತೆಗೆಯದೆ ಕೇಳುತ್ತಿದ್ದಳು. ಅಲ್ಲಿ ಲಿಫ್ಟ್ ಹಾಕುವ ಜಾಗದಲ್ಲಿ ಇನ್ನೂ ಬರೀ ಗುಂಡಿ ಇತ್ತು.

"ಕೊನೆಯದಾಗಿ," ಅಂದರು ಅಧ್ಯಕ್ಷರು, "ಮೆದುಳು ಚುರುಕಾಗಿರಬೇಕಾದರೆ ಹೊಸದೊಂದು ಭಾಷೆ ಕಲಿಯಿರಿ."

ಆಕೆಗೆ ತಡೆಯಲಾಗಲಿಲ್ಲ. "ಇನ್ನೆಷ್ಟ್ ಕಲೀಲಿ ಯಪ್ಪಾ?" ಅಂದಳು. "ಠೇಕೇದಾರ ಹಿಂದ್ಯಾಗ ಬೈತಾನ. ಮುಕಾದಮ ಮರಾಠ್ಯಾಗ ಬೈತಾನ. ಗಂಡ ಕನ್ನಡದಾಗ ಬೈತಾನ. ಮತ್ತೊಂದು ಭಾಷಾ ಕಲೀಬೇಕಂದ್ರ ಬೈಯಾಕ ಮತ್ತೊಬ್ಬ ಬೇಕಲ್ಲ. ನೀವು ಬರ್ತೀರೇನು?"

೪. ಊರು ಯಾವುದು?

ಛತ್ರಪತಿ ಸಂಭಾಜಿನಗರದಲ್ಲೂ ನಮ್ಮ ಸಂಘದ ಶಾಖೆ ಇದೆ. ಅಲ್ಲಿ ಹಿರಿಯರ ನೆನಪಿನ ಪರೀಕ್ಷೆ ಇಟ್ಟರು. ಅಜ್ಜನನ್ನೂ ಕರೆದುಕೊಂಡು ಹೋಗಿದ್ದೆವು. ಪ್ರಶ್ನೆ ಕೇಳಲು ಕಾಲೇಜಿನ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ಕನ್ನಡ ಕೇಳಿ ಬೆಳೆದವಳು. ಬಲು ಕಟ್ಟುನಿಟ್ಟು.

ಮೊದಲ ಪ್ರಶ್ನೆ: ಈಗ ನಾವಿರುವ ಊರು ಯಾವುದು? ಮುದುಕರೆಲ್ಲ ಒಬ್ಬರ ಹಿಂದೊಬ್ಬರು "ಔರಂಗಾಬಾದ್" ಅಂದರು. ಅವಳು ಒಬ್ಬರ ಹಿಂದೊಬ್ಬರಿಗೆ ಸೊನ್ನೆ ಹಾಕಿದಳು. ಚಹಾದ ಹೊತ್ತು ಆಗುವ ಮುಂಚೆಯೇ ಇಡೀ ಸಭೆಗೆ ಮರೆವಿನ ಕಾಯಿಲೆ ಬಂದುಬಿಟ್ಟಿತ್ತು. ಹೆಸರು ಬದಲಾದದ್ದು ಮೊನ್ನೆ ಮೊನ್ನೆ, ಹುಟ್ಟಿದಂದಿನಿಂದ ನಾಲಿಗೆಗೆ ಕೂತ ಹೆಸರು ಇದು, ಅರ್ಧ ಮಾರ್ಕಾದರೂ ಕೊಡಿ ಅಂತ ಒಂದು ಬಣ. ಸರಕಾರದ ಆದೇಶವಿದೆ, ಅರ್ಧ ಕೊಟ್ಟರೆ ನಾಳೆ ಗಲಾಟೆಯಾದೀತು ಅಂತ ಇನ್ನೊಂದು ಬಣ. ಪರೀಕ್ಷೆ ನಿಂತು ಚರ್ಚೆ ಶುರುವಾಯಿತು. ಅಷ್ಟರಲ್ಲಿ ಹುಡುಗಿಯ ಫೋನಿಗೆ ಅವಳ ಗೆಳತಿಯ ಕರೆ ಬಂತು. "ನಾಸಿಕಕ್ಕ ಹೆಂಗ ಬರಲೇ, ನಾ ಇಲ್ಲೇ ಔರಂಗಾಬಾದ್‌ದಾಗ ಇದ್ದೀನಿ" ಅಂತ ಹುಡುಗಿಯೇ ಅಂದಳು. ಸೊನ್ನೆಗಳನ್ನೆಲ್ಲ ಅಳಿಸಬೇಕಾಯಿತು.

ಕೆಂಪಗಾದ ಮುಖ ಹೊತ್ತುಕೊಂಡು ಅಜ್ಜನ ಮುಂದೆ ಬಂದು ಕೂತಳು. ಊರಿನ ಪ್ರಶ್ನೆ ಬಿಟ್ಟೇಬಿಟ್ಟಳು.

"ಅಜ್ಜಾ, ನಮ್ಮ ರಾಜ್ಯದ ಮುಖ್ಯಮಂತ್ರಿ ಯಾರು ಹೇಳ್ರಿ?"

ಅಜ್ಜ ಸ್ವಲ್ಪ ಯೋಚನೆ ಮಾಡಿದರು. ಆಮೇಲೆ ಅವಳ ಕೈಗಡಿಯಾರದ ಕಡೆ ಬಗ್ಗಿ ನೋಡಿ ಕೇಳಿದರು:

"ಈಗ ಗಂಟೆ ಎಷ್ಟಾಯ್ತು ಮಗಾ?"

ಮುಖ್ಯಮಂತ್ರಿಗಳು ರಾತ್ರೋರಾತ್ರಿ ಬದಲಾಗುವುದನ್ನು ಕಂಡಿದ್ದ ಸಭೆಯ ಎರಡೂ ಬಣದವರು ಸೇರಿ ಪೂರ್ತಿ ಮಾರ್ಕು ಕೊಡಿಸಿದರು.

೫. ಪಾರ್ಕಿಂಗಿನ ಹೋಟೆಲ್

ಅಧ್ಯಕ್ಷರ ನಿಜವಾದ ಕಷ್ಟ ಶಿಬಿರದ್ದಲ್ಲ, ಸಾಂಬಾರಿನದು. ಹೋಟೆಲಿನ ಬಾಗಿಲು ತೆಗೆಯುವ ಮುಂಚೆ ಯಜಮಾನನು ಸಾಂಬಾರಿನ ರುಚಿ ನೋಡುವುದು ಅಜ್ಜನ ಪದ್ಧತಿ. ಮರೆವು ಬಂದಮೇಲೂ ಅದು ತಪ್ಪಲಿಲ್ಲ. ಬೆಳಿಗ್ಗೆ ಹೋಗುವುದು, ಅಂಗೈಗೆ ಒಂದು ಸೌಟು ಹಾಕಿಸಿಕೊಂಡು ನೆಕ್ಕುವುದು, ಆಮೇಲೆ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ಕೈ ಮುಗಿಯುವುದು: "ಇವತ್ತು ಸಾಂಬಾರು ಸರಿ ಇಲ್ಲ. ದಯವಿಟ್ಟು ನಾಳೆ ಬನ್ನಿ." ಯಾರಾದರೂ ಮಂಚೂರಿ ಕೇಳಿದರೆ, "ಅಂಥದ್ದೆಲ್ಲ ನಮ್ಮಲ್ಲಿಲ್ಲ, ಎದುರಿನ ಹೋಟೆಲಿಗೆ ಹೋಗಿ" ಅನ್ನುತ್ತಿದ್ದರು. ಸಾಂಬಾರು ನಿಜವಾಗಿಯೂ ಸರಿ ಇರಲಿಲ್ಲ, ಅದು ಬೇರೆ ಮಾತು.

ಹೋಗಬೇಡಿ ಅಂದರೆ ಅಜ್ಜ ಮಗುವಿನ ಹಾಗೆ ಅಳುತ್ತಿದ್ದರು. ನಾನು ಅಧ್ಯಕ್ಷರಿಗೆ, "ಅವರ ದಿನಚರಿ ಕಸಿದುಕೊಳ್ಳಬ್ಯಾಡ್ರಿ, ಬೆಳಿಗ್ಗಿ ಅರ್ಧ ತಾಸು ನೀವೇ ಜೊತಿಗೆ ಕೂತು ರುಚಿ ನೋಡ್ರಿ" ಅಂದೆ. ಅವರು ಮೊದಲರ್ಧ ಮಾತ್ರ ಕೇಳಿಸಿಕೊಂಡರು. ತಮ್ಮ ಅಪಾರ್ಟ್ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಹೋಟೆಲ್ ಮಾಡಿಸಿದರು. ಸುಳ್ಳು ಹೋಟೆಲ್. ಗಲ್ಲಾ, ಗಂಟೆ, ದೇವರ ಫೋಟೋ, ಊದಿನಕಡ್ಡಿ, ನಾಲ್ಕು ಟೇಬಲ್. ಮನೆಯವರು ಸರದಿಯ ಮೇಲೆ ಗಿರಾಕಿಗಳಾಗಿ ಬರಬೇಕು, ಮೇಲಿನ ಮನೆಯಿಂದ ಬಂದ ಇಡ್ಲಿ ತಿನ್ನಬೇಕು, ಹೋಗಬೇಕು.

ಮೊದಲ ದಿನ ಅಜ್ಜನಿಗೆ ಭಾರಿ ಸಂತೋಷ. "ಬನ್ನಿ ಬನ್ನಿ" ಅಂತ ಎಲ್ಲರನ್ನೂ ಸೇರಿಸಿದರು. ಎರಡನೇ ದಿನ ಸೊಸೆಯನ್ನು ಕರೆದು, "ತಾಯಿ, ನೀವು ತಿಂದದ್ದು ಆಯ್ತಲ್ಲ, ಟೇಬಲ್ ಬಿಡಿ, ಬೇರೆಯವರು ಕಾಯ್ತಿದ್ದಾರೆ" ಅಂದರು. ಕಾಯುತ್ತಿದ್ದವರು ಯಾರೂ ಇರಲಿಲ್ಲ, ಸೊಸೆಗೆ ಅವಮಾನವಾದದ್ದು ಮಾತ್ರ ನಿಜ. ಮರುದಿನ ಅಧ್ಯಕ್ಷರು ಪೇಪರ್ ಓದುತ್ತ ಇಡ್ಲಿ ತಿನ್ನುವಾಗ ಅಜ್ಜ ಬಂದು ಎದುರು ಕೂತರು. ಬಹಳ ಕಳಕಳಿಯಿಂದ, "ನೀವು ದಿನಾ ಇಲ್ಲೇ ತಿಂತೀರಿ. ಮನೆಯಲ್ಲಿ ಹೆಂಡತಿ ಎಂತ ಮಾಡಿ ಹಾಕುವುದಿಲ್ವಾ?" ಅಂದರು. ಹೆಂಡತಿ ಪಕ್ಕದ ಟೇಬಲ್ಲಿನಲ್ಲೇ ಕೂತಿದ್ದರು.

ವಾರ ಕಳೆಯುವುದರೊಳಗೆ ಅಜ್ಜ ತಾವೇ ಗಂಟೆ ಬಾರಿಸಿ ಊದಿನಕಡ್ಡಿ ಆರಿಸಿದರು. ಯಾಕ್ರೀ ಅಜ್ಜಾರ ಅಂತ ಕೇಳಿದೆ.

"ಮುಚ್ಚುವ. ಈ ಜಾಗದಲ್ಲಿ ವ್ಯಾಪಾರ ಆಗುವುದಿಲ್ಲ," ಅಂದರು. "ಬರುವುದೆಲ್ಲ ನಮ್ಮ ಮನೆಯವರೇ. ಅವರೂ ಯಾರೋ ಹೇಳಿದ್ದಾರೆ ಅಂತ ಬರುವುದು."

೬. ಊಟದ ಹೊತ್ತು

ಆಮೇಲೆ ನಡೆದದ್ದು ಮೊದಲಿಗೆ ನಗುವಂಥದ್ದಾಗಿರಲಿಲ್ಲ. ಅಜ್ಜ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ನಿಜವಾದ ಹೋಟೆಲಿಗೆ ಹೊರಟು, ದಾರಿ ತಪ್ಪಿ, ಲಾರಿಗಳ ನಡುವೆ ಹೈವೇ ದಾಟುತ್ತಿದ್ದರು. ಗುರುತಿನ ರಿಕ್ಷಾದವನೊಬ್ಬ ಕಂಡು ಮನೆಗೆ ಮುಟ್ಟಿಸಿದ. ಅಧ್ಯಕ್ಷರು, "ನನ್ನ ಕೈಲಿ ಆಗುವುದಿಲ್ಲ" ಅಂದರು. ಸಂಭಾಜಿನಗರದಲ್ಲಿ ಮರೆವಿನವರನ್ನು ಇಟ್ಟುಕೊಳ್ಳುವ ಒಂದು ಹೋಮ್ ಇದೆಯೆಂದು ಯಾರೋ ಹೇಳಿದ್ದರು. ಅಜ್ಜನನ್ನು ಅಲ್ಲಿ ಬಿಟ್ಟುಬರುವುದು ಅಂತ ನಿಶ್ಚಯವಾಯಿತು. ನನ್ನನ್ನೂ ಜೊತೆಗೆ ಕರೆದರು. ಅಜ್ಜನಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೂ ಮರೆತುಬಿಡುತ್ತಾರೆ ಅನ್ನುವುದು ಮನೆಯವರ ಸಮಾಧಾನ. ಅಜ್ಜ ಕಿಟಕಿಯ ಪಕ್ಕ ಕೂತು, ದಾರಿಯಲ್ಲಿ ಯೇವಲಾ ಊರು ದಾಟುವ ತನಕ ಕಂಡ ಹೋಟೆಲುಗಳನ್ನೆಲ್ಲ ಬೈದುಕೊಂಡು ಬಂದರು.

ಹೋಮ್ ಥಳಥಳ ಹೊಳೆಯುತ್ತಿತ್ತು. ನೆಲಕ್ಕೆ ಗ್ರಾನೈಟ್, ಬಾಗಿಲಲ್ಲಿ ಮೀನು ಸಾಕಿದ ಗಾಜಿನ ಪೆಟ್ಟಿಗೆ. ಮ್ಯಾನೇಜರ್ ನಗುನಗುತ್ತ ತೋರಿಸಿದರು. ನೆನಪಿನ ತೋಟ ಇದೆ, ಅದಕ್ಕೆ ಬೀಗ ಇದೆ. ಸಂಗೀತದ ಕೋಣೆ ಇದೆ, ಅದಕ್ಕೂ ಬೀಗ ಇದೆ. "ನಮ್ಮಲ್ಲಿ ಬಹಳ ಶಾಂತಿ ಸರ್," ಅಂದರು. ಶಾಂತಿ ಇತ್ತು. ಊಟದ ಹೊತ್ತು ಅದು. ಹಾಲಿನ ತುಂಬ ಮುದುಕರು, ಮುದುಕಿಯರು ಟೇಬಲ್ಲುಗಳ ಮುಂದೆ ತಲೆ ತಗ್ಗಿಸಿಕೊಂಡು ಕೂತಿದ್ದರು. ಒಬ್ಬ ಬಂದು ಪ್ರತಿಯೊಬ್ಬರ ಮುಂದೂ ಒಂದು ತಟ್ಟೆ ಕುಕ್ಕಿ ಹೋದ. ಯಾರೂ ಮಾತಾಡಲಿಲ್ಲ. ಕಿಟಕಿಯ ಹತ್ತಿರ ಕೂತ ಒಬ್ಬ ಮರಾಠಿ ಮುದುಕಿ ಆಯಿಯನ್ನು ತೋರಿಸಿ ಮ್ಯಾನೇಜರ್, "ಇವರು ಬಂದಾಗಿನಿಂದ ಒಂದು ಮಾತೂ ಆಡಿಲ್ಲ. ಮಾತು ಪೂರ್ತಿ ಹೋಗಿದೆ" ಅಂದರು.

ಟೇಬಲ್ಲುಗಳನ್ನು ಕಂಡದ್ದೇ ತಡ, ಅಜ್ಜನ ಬೆನ್ನು ನೆಟ್ಟಗಾಯಿತು. ಗೋಡೆಯ ಹತ್ತಿರ ಒಣಗಲು ಹಾಕಿದ್ದ ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡರು. ಸೀದಾ ಆ ಆಯಿಯ ಹತ್ತಿರ ಹೋಗಿ, ಬಗ್ಗಿ, ಹೋಟೆಲಿನ ಮರಾಠಿಯಲ್ಲಿ ಕೇಳಿದರು: "ಕಾಯ್ ದೇವೂ, ಆಯಿ?" ಏನು ಕೊಡಲಿ ತಾಯಿ?

ಆಯಿ ತಲೆ ಎತ್ತಿದರು. ಅಜ್ಜನ ಮುಖ ನೋಡಿದರು. ತಟ್ಟೆ ನೋಡಿದರು. ಆಮೇಲೆ ಸ್ಪಷ್ಟವಾಗಿ, "ಥೋಡಂ ಲೋಣಚಂ" ಅಂದರು. ಸ್ವಲ್ಪ ಉಪ್ಪಿನಕಾಯಿ.

ಮಾತು ಹೋಗಿರಲಿಲ್ಲ. ಕೇಳಿದವರಿರಲಿಲ್ಲ.

"ಕಿಟಕಿ ಟೇಬಲ್ಲಿಗೆ ಒಂದು ಉಪ್ಪಿನಕಾಯಿ!" ಅಂತ ಅಜ್ಜ ಅಡುಗೆಮನೆಯ ಕಡೆ ಕೂಗಿದರು. ಕೂಗು ಕೇಳಿ ಹಾಲಿನಲ್ಲಿದ್ದ ತಲೆಗಳೆಲ್ಲ ಒಂದೊಂದೇ ಮೇಲೆದ್ದವು. ಅಜ್ಜ ಟೇಬಲ್ಲಿನಿಂದ ಟೇಬಲ್ಲಿಗೆ ಹೋದರು. ಒಬ್ಬರಿಗೆ ಬಿಸಿ ಚಹಾ ಬೇಕಾಗಿತ್ತು. ಒಬ್ಬರಿಗೆ ಭಾಕ್ರಿ, ಅಂದರೆ ಜೋಳದ ರೊಟ್ಟಿ. ಒಬ್ಬ ನಿವೃತ್ತ ಫೌಜಿ ಧೈರ್ಯ ಮಾಡಿ ಮಟನ್ ಕೇಳಿದರು. "ಇದು ಶುದ್ಧ ಸಸ್ಯಾಹಾರಿ, ಬಟಾಟೆ ಭಾಜಿ ಕೊಡ್ತೇನೆ" ಅಂತ ಅಜ್ಜ ಸಮಾಧಾನ ಮಾಡಿದರು. ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದ. ಅಜ್ಜ ಅಂಗೈ ಒಡ್ಡಿ ಸಾರಿನ ರುಚಿ ನೋಡಿ, ಅವನ ಕಡೆ ನೋಡಿದ ನೋಟಕ್ಕೆ ಅವನು ಒಳಗೆ ಹೋಗಿ ಮತ್ತೆ ಒಲೆ ಹಚ್ಚಿದ.

ನಮ್ಮ ಅಧ್ಯಕ್ಷರು ಬಿಳಿ ಅಂಗಿ ಹಾಕಿಕೊಂಡು ಕಂಬದ ಹಾಗೆ ನಿಂತಿದ್ದರು. ಅಜ್ಜನ ಕಣ್ಣು ಅವರ ಮೇಲೆ ಬಿತ್ತು. "ಏ ಮಾಣಿ! ಎಂತ ನೋಡ್ತಾ ನಿಂತಿದ್ದೀಯಾ? ನೀರು ಇಡು ಎಲ್ಲರಿಗೂ!" ಮಾಣಿ ಅಂದರೆ ಅವರ ಕಡೆಯ ಹೋಟೆಲುಗಳಲ್ಲಿ ಟೇಬಲ್ ನೋಡಿಕೊಳ್ಳುವ ಹುಡುಗ. ಅರವತ್ತರ ಹತ್ತಿರದ ಆ ಹುಡುಗ ತಂಬಿಗೆ ಎತ್ತಿಕೊಂಡು ನೀರು ಇಟ್ಟರು. ಅವರು ವೇದಿಕೆ ಇಲ್ಲದೆ ಮಾಡಿದ ಸಮಾಜಸೇವೆಯನ್ನು ನಾನು ನೋಡಿದ್ದು ಅದೇ ಮೊದಲು.

ಮ್ಯಾನೇಜರಿಗೆ ಬೆವರಿಳಿದಿತ್ತು. ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು, "ಚಿಂತೆ ಬೇಡ ಸರ್, ಹೊಸದರಲ್ಲಿ ಎಲ್ಲರೂ ಹೀಗೇ. ಮೊದಲ ತಿಂಗಳು ಮನೆಯವರು ಯಾರೂ ಬರಬಾರದು. ಒಂದು ಮಾತ್ರೆ ಶುರು ಮಾಡುತ್ತೇವೆ. ಆಮೇಲೆ ಇವರೂ ಉಳಿದವರ ಹಾಗೆ ತೆಪ್ಪಗೆ ಕೂತಿರುತ್ತಾರೆ" ಅಂದರು.

ಅಧ್ಯಕ್ಷರು ಒದ್ದೆಯಾದ ಅಂಗಿಯ ತೋಳು ಮಡಚಿಕೊಳ್ಳುತ್ತ, ಬೆರಳಿಗೆ ಹತ್ತಿದ ಉಪ್ಪಿನಕಾಯಿ ನೆಕ್ಕುತ್ತಿದ್ದ ಆ ಆಯಿಯನ್ನೇ ನೋಡುತ್ತಿದ್ದರು. ನಾನು ಜೀವನದಲ್ಲಿ ಒಮ್ಮೆ ಬುದ್ಧಿ ಹೇಳದೆ ಸುಮ್ಮನಿದ್ದೆ.

ಅಷ್ಟರಲ್ಲಿ ಅಜ್ಜ ಕೈ ಒರೆಸಿಕೊಳ್ಳುತ್ತ ಬಂದರು. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಾಣಿ, ನಿನ್ನ ಕೈ ಚುರುಕುಂಟು. ಆದರೆ ಇದು ನೀನು ಇರುವ ಜಾಗ ಅಲ್ಲ ಮಾರಾಯ. ಸಾರು ತಣ್ಣಗೆ, ಗಿರಾಕಿಯನ್ನು ಮಾತಾಡಿಸುವವರಿಲ್ಲ. ನಮ್ಮಲ್ಲಿಗೆ ಬರ್ತೀಯಾ? ಊಟ ಕೊಡ್ತೇನೆ, ಇರ್ಲಿಕ್ಕೆ ಜಾಗ ಕೊಡ್ತೇನೆ. ನಾಳೆ ಕೈಕಾಲು ಸೋತರೂ ನಿನ್ನನ್ನು ಹೊರಗೆ ಹಾಕುವುದಿಲ್ಲ."

ಅಧ್ಯಕ್ಷರು, ಮೈಕ್ ಸಿಕ್ಕರೆ ಬಿಡದ ಮನುಷ್ಯ, ಒಂದೊಂದೇ ಮಾತು ಹುಡುಕಿ ಕೇಳಿದರು:

"ಬರ್ತೇನೆ. ಯಾವತ್ತಿನಿಂದ ಬರಲಿ?"

"ಯಾವತ್ತಿನಿಂದ ಎಂತದು? ಈಗಲೇ ಗಾಡಿ ತೆಗಿ. ಸಂಜೆ ಗಿರಾಕಿ ಬರುವುದರೊಳಗೆ ನಾಸಿಕಕ್ಕೆ ಮುಟ್ಟಬೇಕು," ಅಂದರು ಅಜ್ಜ. "ಸಂಬಳದ ವಿಷಯ ಮಾತ್ರ ಕೆಲಸ ನೋಡಿ ಆಮೇಲೆ ಹೇಳುವ."